ಆರು ಗಂಟೆ ಕಾಡು, ಉಳಿದದ್ದು ರೆಸಾರ್ಟು

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ‘ಕಬಿನಿಗೆ ಹೋಗೋಣ ಅಂತಿದ್ದೀವಿ. ಊಟ, ವಸತಿ, ಸಫಾರಿ ಎಲ್ಲಾ ಸೇರಿ ಇಷ್ಟು ಅಂತ ಪ್ಯಾಕೇಜ್ ಹೇಳ್ತಾರೆ. ರೇಟು ಕೇಳಿದರೆ ತಲೆ ತಿರುಗುತ್ತೆ. ಅಷ್ಟು ಕೊಡಬಹುದಾ? ಕೊಟ್ಟರೆ ಹುಲಿ ಕಾಣುತ್ತಾ?’ ಎಂದು ಕೇಳುವವರೇ ಹೆಚ್ಚು. ಪ್ರಶ್ನೆ ನ್ಯಾಯವಾದದ್ದೇ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನಲ್ಲೂ ಕಬಿನಿಯ ದರ ತಲೆಗೆ ಹತ್ತು ಸಾವಿರ ದಾಟುತ್ತದೆ. ಹಿನ್ನೀರಿನ ದಂಡೆಯಲ್ಲಿರುವ ಐಷಾರಾಮಿ ಖಾಸಗಿ ರೆಸಾರ್ಟುಗಳ ಪೈಕಿ ಕೆಲವು ಕಡೆ ಗಂಡ ಹೆಂಡತಿ ಒಂದು ರಾತ್ರಿ ತಂಗಲು ಅರ್ಧ ಲಕ್ಷದ ಆಸುಪಾಸು ತೆರಬೇಕು. ಮಧ್ಯಮ ವರ್ಗದ ಮನೆಯಲ್ಲಿ ಇದು ನಾಲ್ಕು ಸಲ ಯೋಚಿಸಿ ಎತ್ತಿಡುವ ದುಡ್ಡು.

ನನ್ನ ಉತ್ತರ ಇದು: ಕೊಡಬಹುದು. ಆದರೆ ಅದರಲ್ಲಿ ಕಾಡಿಗೆ ಎಷ್ಟು ಹೋಯಿತು, ಹಾಸಿಗೆಗೆ ಎಷ್ಟು ಹೋಯಿತು ಎಂಬ ಲೆಕ್ಕ ಗೊತ್ತಿದ್ದು ಕೊಡಿ. ಕಬಿನಿಯ ಸರ್ಕಾರಿ ಲಾಡ್ಜಿನಲ್ಲೂ ಉಳಿದಿದ್ದೇನೆ, ಹೆಸರಾಂತ ದುಬಾರಿ ರೆಸಾರ್ಟಿನಲ್ಲೂ ಉಳಿದಿದ್ದೇನೆ. ಎರಡನ್ನೂ ತೂಗಿ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದೇನೆಂದರೆ, ದುಡ್ಡಿನ ದರ್ಬಾರು ನಡೆಯುವುದು ಕಾಡಿನ ಗೇಟಿನವರೆಗೆ ಮಾತ್ರ. ಗೇಟು ದಾಟಿದ ಮೇಲೆ ಎಲ್ಲರ ಪಾಲೂ ಒಂದೇ.

ಕಾಡಿನಂಚಿನಲ್ಲಿ ಬಿಡಾರ ಹೂಡಿ, ಅತಿಥಿಗಳಿಗೆ ರಾಜೋಪಚಾರ ಮಾಡಿ, ಪ್ರಾಣಿ ತೋರಿಸಿ ಕಳಿಸುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. ಇಂದು ಲಾಡ್ಜು, ರೆಸಾರ್ಟುಗಳಿರುವ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿತ್ತು. ಪಕ್ಕದ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ತಮಟೆ ಬಡಿದು, ಬೆಂಕಿ ತೋರಿಸಿ, ಕೂಗೆಬ್ಬಿಸಿ ಹೊಳೆಗೆ ಇಳಿಸುವುದು, ಅಲ್ಲಿಂದ ದಿಮ್ಮಿಗಳ ಬೇಲಿಯೊಳಕ್ಕೆ ಅಟ್ಟಿ ಹಿಡಿಯುವುದು. ಈ ಕೆಲಸವನ್ನು ನೋಡಲೆಂದೇ ವೈಸರಾಯರು, ರಾಜಕುಮಾರರು ಬರುತ್ತಿದ್ದರು. ಅವರಿಗಾಗಿ ಕಾಡಿನ ನಡುವೆ ಡೇರೆಗಳ ಊರೇ ಎದ್ದು ನಿಲ್ಲುತ್ತಿತ್ತು. ಇದೇ ಕಾರಾಪುರದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಆನೆಯ ಜೊತೆ ನಟಿಸಿ ಮುಂದೆ ಹಾಲಿವುಡ್ ಸೇರಿದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟೆ ಕೆಲಸ ಮುಗಿದು, ಖೆಡ್ಡಾ ನಡೆಯುತ್ತಿದ್ದ ಜಾಗ, ಸುತ್ತಲಿನ ಕಾಡು, ಹಳ್ಳಿಗಳು ನೀರಿನಡಿ ಸೇರಿದವು. ಆ ಹಿನ್ನೀರೇ ಇವತ್ತಿನ ರೆಸಾರ್ಟುಗಳ ಬಂಡವಾಳ.

ಎಲ್ಲ ಸೇರಿದ ಪ್ಯಾಕೇಜನ್ನು ಇಲ್ಲಿ ರೂಢಿಗೆ ತಂದದ್ದು ಖಾಸಗಿಯವರಲ್ಲ, ಸರ್ಕಾರ. 1980ರಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ರಾಜ್ಯ ಸರ್ಕಾರ ನೇಪಾಳದ ‘ಟೈಗರ್ ಟಾಪ್ಸ್’ ಸಂಸ್ಥೆಯ ಜೊತೆ ಸೇರಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಂಪನಿಯನ್ನು ಕಟ್ಟಿತು. ಅದರ ಮೊದಲ ತಾಣವೇ ಕಾರಾಪುರದ ಕಬಿನಿ ರಿವರ್ ಲಾಡ್ಜ್. ಟೈಗರ್ ಟಾಪ್ಸ್ ಕೆಲವು ವರ್ಷಗಳ ನಂತರ ಹೊರನಡೆದು ಸಂಸ್ಥೆ ಪೂರ್ತಿ ಸರ್ಕಾರದ ಕೈಗೆ ಬಂತು. ಲಾಡ್ಜಿಗೆ ಒಂದು ಶಿಸ್ತು, ಒಂದು ಹೆಸರು ತಂದುಕೊಟ್ಟವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಬಿಹಾರದ ಗಯಾದಲ್ಲಿ ಹುಟ್ಟಿದ ಆಂಗ್ಲರು, ಒಂದು ಕಾಲದ ಬೇಟೆಗಾರರು, ಆಮೇಲೆ ಕಾಡು ಉಳಿಸುವವರ ಕಡೆಗೆ ಬಂದವರು. ಎಲ್ಲರ ಬಾಯಲ್ಲೂ ‘ಪಾಪಾ’. 2010ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಕಬಿನಿಯೇ ಮನೆಯಾಗಿತ್ತು. ಅತಿಥಿ ಬಂದ ಕೂಡಲೇ ಒಂದು ದರ ಹೇಳಿ, ಆಮೇಲೆ ಊಟಕ್ಕಿಷ್ಟು, ಜೀಪಿಗಿಷ್ಟು, ಗೈಡಿಗಿಷ್ಟು ಎಂದು ಕೈಯೊಡ್ಡದ ಪದ್ಧತಿ ಅಲ್ಲಿ ಬೇರೂರಿತು. ಈಗ ಖಾಸಗಿ ರೆಸಾರ್ಟುಗಳು ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಿರುವುದು ಅದನ್ನೇ.

ಸರ್ಕಾರಿ ಲಾಡ್ಜಿನ ಒಂದು ದಿನ ಹೇಗೆ ಸಾಗುತ್ತದೆ ಎಂದು ನೋಡಿ. ಮೈಸೂರಿನಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿ ಸವೆಸಿ, ಮಧ್ಯಾಹ್ನ ಒಂದರ ಹೊತ್ತಿಗೆ ಬಂದು ಕೀಲಿ ಇಸಕೊಳ್ಳುತ್ತೀರಿ. ‘ಗೋಲ್ ಘರ್’ ಎಂದು ಕರೆಯುವ ಊಟದ ಮನೆಯಲ್ಲಿ ಸಾಲಾಗಿಟ್ಟ ಪಾತ್ರೆಗಳಿಂದ ಬಡಿಸಿಕೊಂಡು ಊಟ. ಅನ್ನ, ಸಾರು, ಪಲ್ಯದ ಜೊತೆಗೆ ಉತ್ತರ ಭಾರತದವರಿಗೆಂದು ರೊಟ್ಟಿ, ಪನೀರು. ಕಣ್ಣು ಎಳೆಯುವಷ್ಟರಲ್ಲಿ ಮೂರು ಗಂಟೆ. ಚಹಾ ಕುಡಿದು ಜೀಪೋ ದೋಣಿಯೋ ಹತ್ತಿದರೆ ಮರಳುವುದು ಮುಸ್ಸಂಜೆಗೆ. ಆಮೇಲೆ ವನ್ಯಜೀವಿಗಳ ಮೇಲೊಂದು ಸಾಕ್ಷ್ಯಚಿತ್ರ, ಬೆಂಕಿಯ ಸುತ್ತ ಹರಟೆ, ರಾತ್ರಿ ಊಟ. ಬೆಳಿಗ್ಗೆ ಐದೂವರೆಗೆ ಬಾಗಿಲು ತಟ್ಟಿ ಎಬ್ಬಿಸುತ್ತಾರೆ. ಆರೂವರೆಗೆ ಇನ್ನೊಂದು ಸುತ್ತು. ಒಂಬತ್ತೂವರೆಗೆ ಬಂದು ಇಡ್ಲಿ, ದೋಸೆ ತಿಂದು ಮುಗಿಸುವಷ್ಟರಲ್ಲಿ ರೂಮು ಖಾಲಿ ಮಾಡುವ ಹೊತ್ತು. ಬಂದಾಗಿನಿಂದ ಹೊರಡುವವರೆಗೆ ಸುಮಾರು ಇಪ್ಪತ್ತೆರಡು ಗಂಟೆ. ಅದರಲ್ಲಿ ಕಾಡಿನೊಳಗೆ ಇದ್ದದ್ದು ಹೆಚ್ಚೆಂದರೆ ಆರು. ಒಂದು ರಾತ್ರಿಯ ಪ್ಯಾಕೇಜಿನ ಒಳಗುಟ್ಟು ಇಷ್ಟೇ.

ದುಬಾರಿ ರೆಸಾರ್ಟಿಗೆ ಹೋದರೆ ಈ ಆರು ಗಂಟೆ ಎಂಟಾಗುತ್ತದೆಯೇ? ಇಲ್ಲ. ಬಹಳ ಓದುಗರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಕಬಿನಿಯ ಯಾವ ಖಾಸಗಿ ರೆಸಾರ್ಟಿಗೂ ತನ್ನದೇ ಜೀಪನ್ನು ನಾಗರಹೊಳೆಯ ಕಾಡಿನೊಳಕ್ಕೆ ಓಡಿಸುವ ಹಕ್ಕಿಲ್ಲ. ಅವರ ಅತಿಥಿಗಳನ್ನೂ ಕಾಡಿಗೆ ಕರೆದೊಯ್ಯುವುದು ಜಂಗಲ್ ಲಾಡ್ಜಸ್‌ನ ವಾಹನಗಳೇ. ಹೊರಡುವ ಹೊತ್ತು, ಮರಳುವ ಹೊತ್ತು ಎಲ್ಲರಿಗೂ ಒಂದೇ. ಯಾವ ವಲಯಕ್ಕೆ ಹೋಗಬೇಕೆಂದು ಅತಿಥಿ ಆರಿಸುವಂತಿಲ್ಲ. ದಾರಿ ಬಿಟ್ಟು ಪೊದೆಯೊಳಕ್ಕೆ ಚಕ್ರ ಇಳಿಸುವಂತಿಲ್ಲ, ಕತ್ತಲಾದ ಮೇಲೆ ಒಳಗೆ ಇರುವಂತಿಲ್ಲ. ಛತ್ರ ಎಷ್ಟೇ ದೊಡ್ಡದಾಗಲಿ, ಮುಹೂರ್ತದ ಹೊತ್ತು ಹಿಗ್ಗುವುದಿಲ್ಲ ತಾನೇ?

ಹಾಗಾಗಿ ಬುಕ್ ಮಾಡುವಾಗ ‘ಎಲ್ಲಾ ಸೇರಿದೆ’ ಎಂಬ ಮಾತನ್ನು ಬಿಡಿಸಿ ಕೇಳುವುದು ಒಳ್ಳೆಯದು. ಜಂಗಲ್ ಲಾಡ್ಜಸ್‌ನಲ್ಲಿ ವಸತಿ, ಊಟ, ತಿಂಡಿ, ಸಫಾರಿ, ಕಾಡಿನ ಪ್ರವೇಶ ಶುಲ್ಕ ಒಂದೇ ದರದಲ್ಲಿ ಬರುತ್ತವೆ. ಆದರೆ ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಬೇರೆ ಶುಲ್ಕವಿದೆ, ಬಾರಿನ ಬಿಲ್ಲು ನಿಮ್ಮದೇ. ಖಾಸಗಿ ರೆಸಾರ್ಟುಗಳಲ್ಲಿ ಮೂರು ಹೊತ್ತಿನ ಊಟ, ತೆಪ್ಪದ ಸುತ್ತಾಟ, ಹಳ್ಳಿ ನಡಿಗೆ, ಸಂಜೆಯ ಕಾರ್ಯಕ್ರಮ ಎಲ್ಲ ಸೇರಿಸಿ, ಜೀಪ್ ಸಫಾರಿಯನ್ನು ಮಾತ್ರ ಬೇರೆ ಲೆಕ್ಕದಲ್ಲಿ ಬರೆಯುವುದು ಸಾಮಾನ್ಯ. ಅದೂ ‘ಸೀಟು ಲಭ್ಯವಿದ್ದರೆ’ ಎಂಬ ಷರತ್ತಿನ ಮೇಲೆ. ಒಮ್ಮೆ ಹಾಗೊಂದು ರೆಸಾರ್ಟಿನಲ್ಲಿ, ಕಾಡಿಗೆಂದೇ ಬಂದಿದ್ದ ಒಂದು ಸಂಸಾರ ಸಫಾರಿ ಸೀಟು ಸಿಗದೆ ಸಂಜೆಯೆಲ್ಲ ಈಜುಕೊಳದ ಬದಿಯಲ್ಲಿ ಮುಖ ಊದಿಸಿಕೊಂಡು ಕೂತದ್ದನ್ನು ಕಂಡಿದ್ದೇನೆ. ಸ್ವಾಗತಕಾರರ ತಪ್ಪಿರಲಿಲ್ಲ, ಷರತ್ತು ರಸೀದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಜೊತೆಗೆ ಸರ್ಕಾರಿ ಲಾಡ್ಜು ದರ ಹೇಳುವುದು ತಲೆ ಲೆಕ್ಕದಲ್ಲಿ, ಖಾಸಗಿಯವರು ಸಾಮಾನ್ಯವಾಗಿ ಹೇಳುವುದು ಇಬ್ಬರಿಗೆ ಒಂದು ಕೋಣೆಯ ಲೆಕ್ಕದಲ್ಲಿ. ಎರಡನ್ನೂ ಹಾಗೆಯೇ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಇನ್ನು ದಿನದ ಬಾಡಿಗೆ 7,500 ರೂಪಾಯಿ ದಾಟಿದ ಕೋಣೆಗೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಜಾಹೀರಾತಿನಲ್ಲಿ ಕಂಡ ಅಂಕಿ ಹೊರಡುವ ಹೊತ್ತಿಗೆ ಬೆಳೆದಿರುವುದಕ್ಕೆ ಇದೇ ಕಾರಣ.

ಹಾಗೆಂದು ಐಷಾರಾಮಕ್ಕೆ ಕೊಟ್ಟದ್ದೆಲ್ಲ ದಂಡ ಎಂದು ನಾನು ಹೇಳುವುದಿಲ್ಲ. ಕಬಿನಿಯ ಒಳ್ಳೆಯ ರೆಸಾರ್ಟುಗಳಲ್ಲಿ ಕೆಲಸ ಅಚ್ಚುಕಟ್ಟು. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಕೋಣೆಯ ಬಾಗಿಲಿಗೇ ಗಾಡಿ ಬರುತ್ತದೆ. ಮೂರು ವರ್ಷದ ಮಗು ಊಟ ಬೇಡವೆಂದು ಹಟ ಹಿಡಿದರೆ ಅಡುಗೆಯವರೇ ಬಂದು ‘ಏನು ಪುಟ್ಟಾ, ಮೊಸರನ್ನ ಮಾಡಿಕೊಡ್ಲಾ’ ಎಂದು ಕೇಳುತ್ತಾರೆ. ಹಿನ್ನೀರಿಗೆ ಮುಖ ಮಾಡಿದ ಜಗಲಿಯಲ್ಲಿ ಕೂತು ಒಂದು ಇಡೀ ಮಧ್ಯಾಹ್ನ ಪುಸ್ತಕ ಓದಬಹುದು. ಇದೂ ಬೆಲೆಯುಳ್ಳದ್ದೇ. ನನ್ನ ತಕರಾರು ಇರುವುದು ಈ ಸುಖವನ್ನು ಕಾಡಿನ ಹೆಸರಿನಲ್ಲಿ ಮಾರುವ ಬಗೆಗೆ. ಜಾಹೀರಾತಿನ ತುಂಬ ಹುಲಿಯ ಮುಖ, ದರಪಟ್ಟಿಯ ತುಂಬ ಜಕೂಜಿ. ನಮಗೆ ಯಾವುದು ಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಬೇಕು.

ಕಾಡೇ ಬೇಕೆನ್ನುವವರಿಗೆ, ಜೀಪಿನಲ್ಲಿ ಜೊತೆಗೆ ಬರುವ ನ್ಯಾಚುರಲಿಸ್ಟ್ ಮತ್ತು ಚಾಲಕ ರೆಸಾರ್ಟಿನ ನಕ್ಷತ್ರಗಳಿಗಿಂತ ಮುಖ್ಯ. ಒಂದು ಬೇಸಗೆಯ ಸಂಜೆ ಇದನ್ನು ಹತ್ತಿರದಿಂದ ಕಂಡೆ. ಕಾಡಿನ ನಡುವಿನ ಕೆರೆಯ ಏರಿಯ ಬಳಿ ಚಾಲಕ ಸುಮ್ಮನೆ ಎಂಜಿನ್ ನಿಲ್ಲಿಸಿದ. ನಮಗೇನೂ ಕಾಣಲಿಲ್ಲ. ಹಿಂದಿನ ಸೀಟಿನ ಹುಡುಗನೊಬ್ಬ ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕಿದ್ದಕ್ಕೆ ನ್ಯಾಚುರಲಿಸ್ಟ್ ತಿರುಗಿ ನೋಡಿ ಬೆರಳೆತ್ತಿದ. ಮೊದಲು ಜಿಂಕೆಯೊಂದು ಚೂಪಾಗಿ ಕೂಗಿತು. ಅದನ್ನು ಆತ ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಮತ್ತಿ ಮರದ ತುದಿಯಿಂದ ಮುಸುವ ಕೆಮ್ಮಿದಂತೆ ಕೂಗಿತು. ತಲೆ ಎತ್ತಿದ. ಕೊನೆಗೆ ಕೆರೆಯ ಆಚೆಯಿಂದ ಕಡವೆಯ ‘ಢಾಂಕ್’ ಎಂಬ ಒಂದೇ ದನಿ. ‘ಈಗ ಸರಿ’ ಎಂದ. ಜಿಂಕೆ ಸುಮ್ಮಸುಮ್ಮನೆ ಗಾಬರಿಯಾಗಿಯೂ ಕೂಗುತ್ತದಂತೆ. ಮುಸುವ ಎತ್ತರದಲ್ಲಿ ಕೂತಿರುವುದರಿಂದ ಕಣ್ಣಾರೆ ಕಂಡು ಕೂಗುತ್ತದೆ. ಕಡವೆ ಮಾತ್ರ ಖಾತ್ರಿಯಾಗದೆ ಬಾಯಿ ಬಿಡುವುದು ಕಡಿಮೆ. ಕೂಗು ಬಂದ ದಿಕ್ಕನ್ನೂ ಕಡವೆ ಕಿವಿ ನಿಮಿರಿಸಿ ನೋಡುತ್ತಿದ್ದ ದಿಕ್ಕನ್ನೂ ಕೂಡಿಸಿ, ಹುಲಿ ಯಾವ ಹಳ್ಳದಿಂದ ಮೇಲೆ ಬರಬಹುದು ಎಂದು ಇಬ್ಬರೂ ಪಿಸುದನಿಯಲ್ಲಿ ಲೆಕ್ಕ ಹಾಕಿದರು. ಕಾದೆವು. ಹುಲಿ ಬರಲಿಲ್ಲ, ಲಾಂಟಾನದ ಮೆಳೆಯೊಳಗೇ ನಡೆದು ಹೋಯಿತು. ಆದರೂ ಆ ಜೀಪಿನಲ್ಲಿದ್ದ ಯಾರೂ ಬೇಸರದ ಮುಖ ಹೊತ್ತು ಮರಳಲಿಲ್ಲ. ಕಾಡು ಹೇಗೆ ಮಾತಾಡಿಕೊಳ್ಳುತ್ತದೆ ಎಂಬುದನ್ನು ಇಬ್ಬರು ಬಲ್ಲವರು ಎದುರಿಗೇ ಬಿಡಿಸಿ ತೋರಿಸಿದ್ದರು.

ಈಗ ಹುಲಿಯ ಪ್ರಶ್ನೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ನಾಗರಹೊಳೆಯ ಪಾಲಿಗೆ 141, ಪಕ್ಕದ ಬಂಡೀಪುರದ ಪಾಲಿಗೆ 150. ಈ ಅಂಕಿ ಕೇಳಿದವರಿಗೆ ತಿರುವಿಗೊಂದು ಹುಲಿ ಸಿಗಬೇಕಲ್ಲ ಎನ್ನಿಸುವುದು ಸಹಜ. ಆದರೆ ನಾಗರಹೊಳೆಯ ರಾಷ್ಟ್ರೀಯ ಉದ್ಯಾನವೇ 643 ಚದರ ಕಿಲೋಮೀಟರ್. ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಕರಣದ ಹಿನ್ನೆಲೆಯಲ್ಲಿ 2012ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯ ಪ್ರಕಾರ, ಹುಲಿ ಮೀಸಲು ಪ್ರದೇಶದ ಒಳವಲಯದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಿಗರಿಗೆ ತೆರೆಯುವಂತಿಲ್ಲ. ಅಂದರೆ ನೀವು ಸುತ್ತುವುದು ಕಾಡಿನ ಒಂದು ಮೂಲೆಯನ್ನು ಮಾತ್ರ, ಅದೂ ಹುಲಿ ಮಲಗೇಳುವ ಹೊತ್ತುಗಳಲ್ಲಿ ಸ್ವಲ್ಪವೇ ಹೊತ್ತು. ಹುಲಿ ಕಾಣಬಹುದು, ಕಾಣದೆಯೂ ಇರಬಹುದು. ‘ಗ್ಯಾರಂಟಿ ತೋರಿಸ್ತೀವಿ ಸರ್’ ಎನ್ನುವ ಏಜೆಂಟರನ್ನು ಅಲ್ಲಿಂದಲೇ ಕೈಮುಗಿದು ಕಳಿಸಿ. ಕಬಿನಿಯ ಕರಿಚಿರತೆಯ ಚಿತ್ರಗಳು ಲೋಕವೆಲ್ಲ ಸುತ್ತಿದ ಮೇಲೆ ಅದನ್ನೇ ಕೇಳಿಕೊಂಡು ಬರುವವರೂ ಇದ್ದಾರೆ. ಅದು ಬೇರೆ ಜಾತಿಯ ಪ್ರಾಣಿಯಲ್ಲ, ಮೈಬಣ್ಣ ಕಪ್ಪಾಗಿ ಹುಟ್ಟಿದ ಚಿರತೆಯೇ. ಅದರ ಒಂದು ನೋಟಕ್ಕೆ ವರ್ಷಗಟ್ಟಲೆ ಕಾದ ಛಾಯಾಗ್ರಾಹಕರಿದ್ದಾರೆ.

ಕಬಿನಿಯಲ್ಲಿ ಹುಲಿಗಿಂತ ಹೆಚ್ಚು ಭರವಸೆ ಇಡಬಹುದಾದದ್ದು ಆನೆಯ ಮೇಲೆ. ಫೆಬ್ರುವರಿ ಕಳೆದು ಬಿಸಿಲು ಏರಿದಂತೆ ಜಲಾಶಯದ ನೀರು ಹಿಂದೆ ಸರಿಯುತ್ತದೆ. ನೀರು ಬಿಟ್ಟುಹೋದ ನೆಲದಲ್ಲಿ ಎಳೆ ಹುಲ್ಲು ಹುಟ್ಟುತ್ತದೆ. ಸುತ್ತಲಿನ ಕಾಡು ಒಣಗಿ, ಹಳ್ಳ ಕೆರೆ ಬತ್ತುವ ಆ ಹೊತ್ತಿನಲ್ಲಿ ನಾಗರಹೊಳೆ, ಬಂಡೀಪುರ, ಆಚೆಯ ವಯನಾಡಿನ ಆನೆಗಳೆಲ್ಲ ಈ ಹುಲ್ಲು ನೀರಿಗೆ ಇಳಿದು ಬರುತ್ತವೆ. ಏಪ್ರಿಲ್, ಮೇ ತಿಂಗಳ ಸಂಜೆ ದೋಣಿಯಲ್ಲಿ ಹೋದರೆ, ದಂಡೆಯುದ್ದಕ್ಕೂ ಹಿಂಡು ಹಿಂಡಾಗಿ ಆನೆ, ನಡುವೆ ಕಾಟಿ, ನೀರಂಚಿನಲ್ಲಿ ಬಾಯ್ತೆರೆದ ಮೊಸಳೆ ಕಾಣುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಇಲ್ಲ. ಮಳೆ ಹಿಡಿದು ಜಲಾಶಯ ತುಂಬಿತೆಂದರೆ ಆ ಹುಲ್ಲುಗಾವಲು ಮುಳುಗುತ್ತದೆ, ಪ್ರಾಣಿಗಳು ಚೆದುರುತ್ತವೆ. ಆಗ ಹೋದವರಿಗೆ ಹಸಿರು, ಮಂಜು, ಹಕ್ಕಿ ಸಿಗುತ್ತವೆ. ಅದಕ್ಕೆ ಒಪ್ಪಿ ಹೋಗುವುದಾದರೆ ಮಳೆಗಾಲವೂ ಚೆಂದವೇ. ದಸರೆ, ಕ್ರಿಸ್‌ಮಸ್ ರಜೆಯಲ್ಲಿ ದರ ಏರಿರುತ್ತದೆಯೇ ಹೊರತು ಪ್ರಾಣಿಗಳೇನೂ ಹೆಚ್ಚಾಗಿರುವುದಿಲ್ಲ.

ಆಫ್ರಿಕಾಕ್ಕೆ ಹೋಗಿ ಬಂದ ನಮ್ಮ ಸಾಫ್ಟ್‌ವೇರ್ ಬಳಗದವರು ‘ಅಲ್ಲಿ ರಾತ್ರಿಯೂ ಸಫಾರಿ ಉಂಟು, ಪ್ರಾಣಿಯ ಪಕ್ಕಕ್ಕೇ ಗಾಡಿ ಒಯ್ಯುತ್ತಾರೆ, ಇಲ್ಲೇಕೆ ಇಲ್ಲ’ ಎಂದು ಕೇಳುತ್ತಾರೆ. ವ್ಯತ್ಯಾಸ ಇರುವುದು ನೆಲದ ಒಡೆತನದಲ್ಲಿ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನಕ್ಕೆ ಅಂಟಿಕೊಂಡ ಸಾಬಿ ಸ್ಯಾಂಡ್ ಖಾಸಗಿಯವರ ಜಮೀನು. ಕ್ರೂಗರ್‌ಗೂ ಅದಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ಕಿತ್ತು ಹಾಕಿದರು. ಪ್ರಾಣಿಗಳು ಬರುತ್ತವೆ, ಹೋಗುತ್ತವೆ. ಜಮೀನು ತಮ್ಮದಾದ್ದರಿಂದ ಅಲ್ಲಿನ ಕ್ಯಾಂಪುಗಳು ದಾರಿ ಬಿಟ್ಟು ಗಾಡಿ ಓಡಿಸುತ್ತವೆ, ರಾತ್ರಿಯೂ ಕರೆದೊಯ್ಯುತ್ತವೆ. ಕೀನ್ಯಾದ ಮಸಾಯಿ ಮಾರಾ ಮೀಸಲಿನ ಸುತ್ತ ಇರುವ ಕನ್ಸರ್ವೆನ್ಸಿಗಳು ಮಸಾಯಿ ಕುಟುಂಬಗಳ ಜಮೀನನ್ನು ಗುತ್ತಿಗೆಗೆ ಪಡೆದು ನಡೆಯುತ್ತವೆ. ಅತಿಥಿ ಕೊಟ್ಟ ಹಣದಲ್ಲಿ ಒಂದು ಪಾಲು ನೆಲದೊಡೆಯರಿಗೆ ಗುತ್ತಿಗೆ ಹಣವಾಗಿ ಸೇರುತ್ತದೆ. ನಮ್ಮಲ್ಲಿ ಕಾಡು ಸರ್ಕಾರದ್ದು, ರೆಸಾರ್ಟು ಇರುವುದು ಅದರ ಹೊರಗೆ. ಅಲ್ಲಿ ಕೊಟ್ಟ ಹೆಚ್ಚಿನ ದುಡ್ಡು ಕಾಡಿನಲ್ಲಿ ಹೆಚ್ಚಿನ ಹೊತ್ತನ್ನು ಕೊಳ್ಳಬಲ್ಲದು, ಇಲ್ಲಿ ಕೊಳ್ಳಲಾರದು. ನನ್ನ ಮಟ್ಟಿಗೆ ಇದು ಒಳ್ಳೆಯದೇ. ಆರುನೂರು ಚದರ ಕಿಲೋಮೀಟರಿನ ಕಾಡಿಗೆ ಆಫ್ರಿಕಾದ ನಿಯಮ ತಂದರೆ ಕಾಡು ತಡೆಯುವುದಿಲ್ಲ. ಆದರೆ ನೆಲದ ಜನಕ್ಕೆ ನೇರ ಪಾಲು ಕೊಡುವ ಆ ಏರ್ಪಾಡನ್ನು ನಾವು ಕಲಿತಿದ್ದರೆ ಚೆನ್ನಾಗಿತ್ತು.

ನೆಲದ ಜನರನ್ನು ಬದಿಗಿಟ್ಟು ಕಾಡಿನೊಳಗೇ ಐಷಾರಾಮಿ ಹೋಟೆಲು ಕಟ್ಟುವ ಪ್ರಯತ್ನವನ್ನು ನಾಗರಹೊಳೆ ಒಮ್ಮೆ ನೋಡಿದೆ. ತೊಂಬತ್ತರ ದಶಕದಲ್ಲಿ ಉದ್ಯಾನದ ಒಳಗಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಹೋಟೆಲ್ ಕಂಪನಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತ್ತು. ಹಾಡಿಯ ಆದಿವಾಸಿಗಳು ಸಂಘಟಿತರಾಗಿ ವಿರೋಧಿಸಿದರು, ನ್ಯಾಯಾಲಯಕ್ಕೆ ಹೋದರು. ನಮ್ಮನ್ನು ಕಾಡಿನಿಂದ ಹೊರಗೆ ಹೋಗಿ ಎನ್ನುವ ಸರ್ಕಾರ ಹೋಟೆಲನ್ನು ಒಳಗೆ ಕರೆಯುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು ತೀರ್ಪಿತ್ತಿತು. ಹೋಟೆಲು ನಿಂತುಹೋಯಿತು. ಅಣೆಕಟ್ಟೆಯಿಂದ, ರಾಷ್ಟ್ರೀಯ ಉದ್ಯಾನದಿಂದ ನೆಲೆ ತಪ್ಪಿದ ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳು ಇಂದಿಗೂ ಎಚ್.ಡಿ. ಕೋಟೆ, ಸರಗೂರು ಕಡೆ ರೆಸಾರ್ಟುಗಳ ಆಸುಪಾಸಿನಲ್ಲೇ ಇವೆ. ನಿಮ್ಮ ಪ್ಯಾಕೇಜಿನ ‘ಬುಡಕಟ್ಟು ನೃತ್ಯ’ಕ್ಕೆ ಬರುವವರು ಅಲ್ಲಿಯವರು. ಕುಣಿತ ಮುಗಿದ ಮೇಲೆ ಅವರಿಗೆ ಎಷ್ಟು ಕೊಡುತ್ತಾರೆ ಎಂದು ರೆಸಾರ್ಟಿನವರನ್ನು ಒಮ್ಮೆ ಕೇಳಿ ನೋಡಿ. ಕೇಳುವ ಹಕ್ಕು ನಿಮಗಿದೆ, ಕೊಟ್ಟವರು ನೀವೇ.

ಇದೇ ನೆಲದ ಇನ್ನೊಂದು ಸಂಕಟ 2025ರಲ್ಲಿ ಎಲ್ಲರಿಗೂ ಕಂಡಿತು. ಆ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ತಾಲೂಕಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಸಫಾರಿ ಜೀಪುಗಳ ಓಡಾಟ, ರೆಸಾರ್ಟುಗಳ ಗದ್ದಲದಿಂದಲೇ ಹುಲಿಗಳು ಹೊಲಕ್ಕೆ ಬರುತ್ತಿವೆ ಎಂದು ಹಳ್ಳಿಗರು ಸಿಟ್ಟಿಗೆದ್ದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆಗೆ ಹಚ್ಚಲು ಆದೇಶಿಸಿದರು. ಮುಂಗಡ ಕಟ್ಟಿದ್ದ ಪ್ರವಾಸಿಗರು ಪೇಚಿಗೆ ಸಿಲುಕಿದರು, ಗೈಡು, ಚಾಲಕರ ಕೈ ಬರಿದಾಯಿತು. ಹುಲಿ ಹೊಲಕ್ಕೆ ಬರುವುದಕ್ಕೆ ಸಫಾರಿಯೊಂದೇ ಕಾರಣ ಎಂದು ನಾನು ನಂಬುವುದಿಲ್ಲ. ಹುಲಿಗಳ ಸಂಖ್ಯೆ ಬೆಳೆದಿದೆ, ತನ್ನದೇ ಸರಹದ್ದು ಹುಡುಕುವ ಎಳೆಯ ಗಂಡುಹುಲಿ, ಬಲವಾದ ಹುಲಿಗೆ ಸೋತ ಮುದಿಹುಲಿ ಅಂಚಿಗೆ ಬರುತ್ತವೆ. ಅಂಚಿನಲ್ಲಿ ದನಕರು ಸುಲಭವಾಗಿ ಸಿಗುತ್ತವೆ. ಆದರೆ ಹುಲಿಯಿಂದ ಹುಟ್ಟುವ ಲಾಭ ಒಂದು ಕಡೆ, ಅದರಿಂದ ಆಗುವ ಸಾವು ಇನ್ನೊಂದು ಕಡೆ ಇರುವವರೆಗೂ ಆ ಸಿಟ್ಟು ತಣಿಯುವುದಿಲ್ಲ. ಪ್ರವಾಸಿಗನಿಗೆ ಇದರಲ್ಲೊಂದು ವ್ಯಾವಹಾರಿಕ ಪಾಠವೂ ಇದೆ. ದುಡ್ಡು ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿ. ನಿಂತರೆ ಹಣ ಮರಳಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಪ್ಯಾಕೇಜಿಗೆ ಇಷ್ಟೊಂದು ಕೊಡಲಾಗದವರು ಕಾಡಿನ ಆಸೆ ಬಿಡಬೇಕಿಲ್ಲ. ಸಫಾರಿ ನಡೆಯುವ ದಿನಗಳಲ್ಲಿ ಅರಣ್ಯ ಇಲಾಖೆಯೇ ಕಾಕನಕೋಟೆ ಕಡೆಯಿಂದ ಬಸ್ಸಿನಲ್ಲಿ ಕರೆದೊಯ್ಯುತ್ತದೆ. ಮೈಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಸಾಧಾರಣ ವಸತಿಯಲ್ಲಿ ಉಳಿದು, ನಸುಕಿನಲ್ಲೇ ಹೊರಟು ಬಂದರೆ ಜೀಪಿನವರು ನೋಡುವ ಆನೆಯನ್ನೇ ನೀವೂ ನೋಡುತ್ತೀರಿ. ಬಸ್ಸಿನಲ್ಲಿ ಗದ್ದಲ ಹೆಚ್ಚು, ಕಿಟಕಿಯ ಸೀಟಿಗೆ ಪೈಪೋಟಿ ಇದೆ, ಅದು ನಿಜ. ಕಬಿನಿಯೇ ಆಗಬೇಕೆಂಬ ಹಟವಿಲ್ಲದಿದ್ದರೆ ಜಂಗಲ್ ಲಾಡ್ಜಸ್‌ನವೇ ಆದ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಭದ್ರಾ ಹಿನ್ನೀರಿನ ಲಕ್ಕವಳ್ಳಿ ಇವೆ. ಅಲ್ಲಿ ಜನ ಕಡಿಮೆ, ಕಾಡು ಕಡಿಮೆಯಲ್ಲ.

ಕಬಿನಿಗೇ ಹೋಗುವುದಾದರೆ ನನ್ನ ಸಲಹೆ ಹೀಗಿದೆ. ಅರ್ಧ ಲಕ್ಷದ ಕೋಣೆಯಲ್ಲಿ ಒಂದು ರಾತ್ರಿ ಇರುವ ಬದಲು, ಅದೇ ದುಡ್ಡಿನಲ್ಲಿ ಸಾಧಾರಣ ಕೋಣೆ ಹಿಡಿದು ಎರಡು ರಾತ್ರಿ ಇರಿ. ಆರು ಗಂಟೆಯ ಕಾಡು ಹನ್ನೆರಡಾಗುತ್ತದೆ. ಒಂದು ಸಂಜೆ ದೋಣಿಗೆ, ಉಳಿದದ್ದು ಜೀಪಿಗೆ ಇಡಿ. ವಾರದ ನಡುವೆ ಹೋದರೆ ದರವೂ ಇಳಿದಿರುತ್ತದೆ, ಸೀಟೂ ಸಿಗುತ್ತದೆ. ಸಫಾರಿ ಸೀಟು ಖಚಿತವಾಗದೆ ಕೋಣೆಗೆ ಮುಂಗಡ ಕಟ್ಟಬೇಡಿ. ಹತ್ತಿರ ಹೋಗಿ ಎಂದು ಚಾಲಕನನ್ನು ಪೀಡಿಸಬೇಡಿ. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕೆಂಬುದು ನಿಯಮ, ಮುರಿದರೆ ದಂಡ ತೆರುವವನು ಆತನೇ. ಹುಲಿ ಕಾಣದ ದಿನವೂ ಆತನ ಕೈಗೆ ಬಕ್ಷೀಸು ಇಡಿ, ಹುಲಿಯನ್ನು ಅಡಗಿಸಿಟ್ಟವನು ಆತನಲ್ಲ. ಈಜುಕೊಳ, ಮೆತ್ತನೆಯ ಹಾಸಿಗೆ ಬೇಕಿದ್ದರೆ ಮೈಸೂರಿನಲ್ಲೇ ಇದಕ್ಕಿಂತ ಅಗ್ಗಕ್ಕೆ ಸಿಗುತ್ತವೆ. ಕಬಿನಿಯಲ್ಲಿ ದುಡ್ಡು ಹಾಕಬೇಕಾದದ್ದು ಸಫಾರಿಯ ಸೀಟಿಗೆ.